ಸೂಜಿ ಚಿಕಿತ್ಸೆ: ಅದು ಕೆಲಸ ಮಾಡುವ ಬಗೆ, ಮೊದಲ ಸಲ ಹೋಗುವವರು ತಿಳಿದಿರಬೇಕಾದುದು



ನಾಟಿಯ ಕೆಲಸ ಮುಗಿದ ವಾರದಲ್ಲಿ ನಮ್ಮ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಕೇಳಿಬರುವ ಮಾತು ಒಂದೇ: "ಸೊಂಟ ಹಿಡಿದುಕೊಂಡಿದೆ." ದಿನವಿಡೀ ಕೆಸರಿನಲ್ಲಿ ಬಗ್ಗಿ ಪೈರು ನೆಟ್ಟವರಿಗೆ, ಕಬ್ಬಿನ ಹೊರೆ ಹೊತ್ತವರಿಗೆ, ಟ್ರ್ಯಾಕ್ಟರಿನ ಮೇಲೆ ಕುಳಿತು ಕುಲುಕಾಡಿದವರಿಗೆ ಬೆನ್ನು ನೋವು ಹೊಸದಲ್ಲ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದುಕೊಂಡು, ಅಂಗಡಿಯಿಂದ ಒಂದು ಗುಳಿಗೆ ತಂದು ನುಂಗಿ ಹೇಗೋ ದಿನ ತಳ್ಳುತ್ತೇವೆ. ಎಷ್ಟೋ ಜನಕ್ಕೆ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ಮೂರು ತಿಂಗಳಾದರೂ ಬಿಡುವುದಿಲ್ಲ. ಆಗ ಯಾರಾದರೊಬ್ಬರು ಹೇಳುತ್ತಾರೆ: "ಪೇಟೆಯಲ್ಲಿ ಸೂಜಿ ಚುಚ್ಚಿ ನೋವು ತೆಗೆಯುತ್ತಾರಂತೆ, ಒಂದು ಸಲ ಹೋಗಿ ಬಾ."

ಹೋಗಬೇಕೇ, ಬೇಡವೇ? ಹೋದರೆ ಅಲ್ಲಿ ಏನು ಮಾಡುತ್ತಾರೆ? ಔಷಧವೇ ಇಲ್ಲದ ಬರಿಯ ಸೂಜಿಯಿಂದ ನೋವು ಹೋಗುವುದಾದರೂ ಹೇಗೆ? ಈ ಪಾಠದಲ್ಲಿ ಅದನ್ನು ವಿವರವಾಗಿ ನೋಡೋಣ. ಇದನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಬರೆದಿಲ್ಲ. ನಿಮ್ಮ ಹಣ, ನಿಮ್ಮ ಕೂಲಿಯ ದಿನ, ಅದಕ್ಕಿಂತ ಮಿಗಿಲಾಗಿ ನಿಮ್ಮ ಕಾಲು ಸೊಂಟ ಇದರಲ್ಲಿ ಸೇರಿವೆ. ಆದುದರಿಂದ ತಿಳಿದು ಹೋಗುವುದು ಲೇಸು.

ಇದು ಎಲ್ಲಿಂದ ಬಂದಿತು?

ಸೂಜಿ ಚಿಕಿತ್ಸೆಗೆ ಅಕ್ಯುಪಂಕ್ಚರ್ ಎಂದು ಹೆಸರು. ಇದು ಚೀನಾ ದೇಶದ್ದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ರಚಿತವಾದ 'ಹುವಾಂಗ್‌ಡಿ ನೈಜಿಂಗ್' ಎಂಬ ವೈದ್ಯಗ್ರಂಥದಲ್ಲಿ ಇದರ ವಿವರಣೆಯಿದೆ. 1027ರಲ್ಲಿ ಅಲ್ಲಿನ ಅರಸರ ಆಸ್ಥಾನದ ವೈದ್ಯನಾದ ವಾಂಗ್ ವೇಯಿಯೆಂಬುವನು ಆಳೆತ್ತರದ ಎರಡು ಕಂಚಿನ ಮನುಷ್ಯರನ್ನು ಎರಕ ಹೊಯ್ಯಿಸಿದನು. ಸೂಜಿ ಚುಚ್ಚಬೇಕಾದ ಜಾಗಗಳಲ್ಲೆಲ್ಲ ಅವುಗಳ ಮೈಮೇಲೆ ಸಣ್ಣ ತೂತುಗಳಿದ್ದವು. ಪರೀಕ್ಷೆಯ ದಿನ ಬೊಂಬೆಯೊಳಗೆ ನೀರು ತುಂಬಿ ಮೇಲೆ ಮೇಣ ಸವರುತ್ತಿದ್ದರಂತೆ. ವಿದ್ಯಾರ್ಥಿಯ ಸೂಜಿ ಸರಿಯಾದ ಕಡೆ ಹೊಕ್ಕರೆ ನೀರು ಹೊರಬರುವುದು, ತಪ್ಪಿದರೆ ಇಲ್ಲ. ಕಲಿಸುವವರು ಎಷ್ಟು ಬಿಗಿಯಾಗಿದ್ದರು ನೋಡಿ! ಇದೇ ವಿದ್ಯೆಯನ್ನು 1822ರಲ್ಲಿ ಚೀನಾದ ಅರಸನೇ ತನ್ನ ಆಸ್ಥಾನದ ವೈದ್ಯಶಾಲೆಯಿಂದ ತೆಗೆಸಿಹಾಕಿದ್ದೂ ಉಂಟು. ಹಳ್ಳಿಗಳಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಮನುಷ್ಯರಿಗಷ್ಟೇ ಅಲ್ಲದೆ ಕುದುರೆ ದನಗಳಿಗೂ ಅಲ್ಲಿ ಸೂಜಿ ಹಾಕುತ್ತಿದ್ದರು.

ನಮ್ಮ ದೇಶಕ್ಕೆ ಇದು ಬಂದ ಬಗೆಯೂ ತಿಳಿದಿರಬೇಕಾದುದೇ. 1938ರಲ್ಲಿ ಜಪಾನೀಯರ ದಾಳಿಯಿಂದ ನೊಂದ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡವೊಂದು ಹೋಯಿತು. ನಮ್ಮ ವಿಜಯಪುರದ ನೆರೆಯ ಸೊಲ್ಲಾಪುರದವರಾದ ಡಾ. ದ್ವಾರಕಾನಾಥ ಕೋಟ್ನಿಸ್ ಆ ತಂಡದಲ್ಲಿದ್ದರು. ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಇನ್ನೊಬ್ಬರು, ಬಂಗಾಳದ ಡಾ. ಬಿಜೋಯ್ ಕುಮಾರ್ ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಭಾರತ ಸರ್ಕಾರವು 2003ರಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿಕೊಂಡಿತು.

ಹಳೆಯ ವಿವರಣೆ, ಈಗಿನ ವಿವರಣೆ

ಚೀನಾದ ಹಿಂದಿನ ವೈದ್ಯರು ಹೇಳುವ ವಿವರಣೆ ನೀರಾವರಿ ಮಾಡುವವರಿಗೆ ಕೂಡಲೇ ಅರ್ಥವಾಗುವಂಥದು. ದೇಹದಲ್ಲಿ 'ಚೀ' ಎಂಬ ಒಂದು ಶಕ್ತಿ ಹರಿಯುತ್ತದೆ, ಅದು ಹರಿಯುವುದಕ್ಕೆ ಕಾಲುವೆಗಳಿವೆ ಎಂದು ಅವರು ತಿಳಿದಿದ್ದರು. ಮುಖ್ಯ ಕಾಲುವೆಗಳು ಹನ್ನೆರಡು. ಅವುಗಳನ್ನು ತಮ್ಮ ದೇಶದ ಹನ್ನೆರಡು ನದಿಗಳಿಗೆ ಹೋಲಿಸಿಯೂ ಇದ್ದಾರೆ. ಕಾಲುವೆಯಲ್ಲಿ ಎಲ್ಲಿಯೋ ಹೂಳು ಕಟ್ಟಿಕೊಂಡರೆ ಮೇಲಿನ ಗದ್ದೆಯಲ್ಲಿ ನೀರು ನಿಂತು ಕೆಳಗಿನ ಗದ್ದೆ ಒಣಗುವುದಿಲ್ಲವೇ? ಹಾಗೆಯೇ ಶಕ್ತಿಯ ಹರಿವು ತಡೆದಾಗ ನೋವೂ ರೋಗವೂ ಬರುತ್ತವೆ, ತಕ್ಕ ಜಾಗದಲ್ಲಿ ಸೂಜಿ ಹಾಕಿದರೆ ತೂಬು ತೆರೆದಂತಾಗಿ ಹರಿವು ಸರಿಯಾಗುತ್ತದೆ ಎಂಬುದು ಅವರ ಲೆಕ್ಕ. ಮೈಯ ನಡುಗೆರೆಯ ಎರಡು ಕಾಲುವೆಗಳನ್ನೂ ಸೇರಿಸಿದರೆ ಹದಿನಾಲ್ಕಾಗುತ್ತವೆ. ಅವುಗಳ ಮೇಲೆ 361 ಜಾಗಗಳನ್ನು ಗುರುತು ಮಾಡಿದ್ದಾರೆ.

ಜಾಗ ಹುಡುಕುವ ಅಳತೆಯೂ ನಮಗೆ ಅಪರಿಚಿತವಲ್ಲ. ನಮ್ಮ ಹಿರಿಯರು ಅಂಗುಲ, ಗೇಣು, ಮೊಳ ಎಂದು ಮೈಯಿಂದಲೇ ಅಳೆಯುತ್ತಿದ್ದಂತೆ ಅವರು ರೋಗಿಯ ಸ್ವಂತ ಹೆಬ್ಬೆರಳಿನ ಅಗಲವನ್ನು ಒಂದು ಅಳತೆಯಾಗಿ ಇಟ್ಟುಕೊಂಡರು. ದೊಡ್ಡ ಆಳಿಗೆ ದೊಡ್ಡ ಅಂಗುಲ, ಮಗುವಿಗೆ ಚಿಕ್ಕ ಅಂಗುಲ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಒಳಗೈಯ ಎರಡು ನರಗಳಂತೆ ಕಾಣುವ ಸ್ನಾಯುತಂತುಗಳ ನಡುವೆ ಒಂದು ಜಾಗವಿದೆ. ಓಕರಿಕೆಗೆ ಅಲ್ಲಿ ಒತ್ತುವುದು ಅಥವಾ ಚುಚ್ಚುವುದು ರೂಢಿ. ಶಸ್ತ್ರಚಿಕಿತ್ಸೆಯ ನಂತರ ಬರುವ ಓಕರಿಕೆ ವಾಂತಿಗಳು ಇದರಿಂದ ತಗ್ಗುವುದು ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ.

ಆದರೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ದೇಹವನ್ನು ಕೊಯ್ದು ನೋಡಿದವರಿಗೆ ಈ ಕಾಲುವೆಗಳು ಕಂಡಿಲ್ಲ. ರಕ್ತನಾಳ ಕಾಣುತ್ತದೆ, ನರ ಕಾಣುತ್ತದೆ, 'ಚೀ' ಹರಿಯುವ ನಾಳ ಕಾಣುವುದಿಲ್ಲ. ಹಾಗಾದರೆ ನೋವು ತಗ್ಗುವುದು ಹೇಗೆ?

ಬಾಗಿಲಿನ ಚೌಕಟ್ಟಿಗೆ ಹಣೆ ತಾಗಿದಾಗ ನೀವು ಮೊದಲು ಮಾಡುವುದೇನು? ಅಂಗೈಯಿಂದ ಉಜ್ಜಿಕೊಳ್ಳುತ್ತೀರಿ. ಉಜ್ಜಿದರೆ ನೋವು ಸ್ವಲ್ಪ ತಗ್ಗುತ್ತದೆ. ಉಜ್ಜಿದ ಸುದ್ದಿಯನ್ನು ಒಯ್ಯುವ ನರಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ಬರುವುದೇ ಇದಕ್ಕೆ ಕಾರಣ. ಸೂಜಿಯೂ ಮಾಂಸದೊಳಗಿನ ನರಗಳನ್ನು ಇದೇ ರೀತಿ ಎಬ್ಬಿಸುತ್ತದೆ. ಆ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟಿದಾಗ ಮಿದುಳು ಎಂಡಾರ್ಫಿನ್ ಎಂಬ ಪದಾರ್ಥವನ್ನು ಬಿಡುತ್ತದೆ. ಇದು ದೇಹವೇ ತಯಾರಿಸಿಕೊಳ್ಳುವ ನೋವುನಿವಾರಕ, ಅಫೀಮಿನಂತೆ ಕೆಲಸ ಮಾಡತಕ್ಕದ್ದು. ಇದನ್ನು ಕಂಡುಕೊಂಡ ಉಪಾಯವೂ ಚೆನ್ನಾಗಿದೆ. ಅಫೀಮಿನ ಗುಣವನ್ನು ತಡೆಯುವ ಔಷಧವೊಂದಿದೆ. 1970ರ ದಶಕದಲ್ಲಿ ಸಂಶೋಧಕರು ಸೂಜಿಯಿಂದ ನೋವು ತಗ್ಗಿದವರಿಗೆ ಆ ಔಷಧವನ್ನು ಕೊಟ್ಟು ನೋಡಿದರು. ನೋವು ಮರಳಿ ಬಂದಿತು. ಅಂದರೆ ಸೂಜಿಯ ಗುಣ ಬಂದದ್ದು ದೇಹದೊಳಗಿನ ಆ ಪದಾರ್ಥದಿಂದಲೇ ಇರಬೇಕೆಂದು ಊಹಿಸಿದರು. 2010ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಗಳ ಕಾಲಿಗೆ ಸೂಜಿ ಹಾಕಿ ತಿರುಗಿಸಿದಾಗ, ಸೂಜಿಯ ಸುತ್ತಲಿನ ಮಾಂಸದಲ್ಲಿ ಅಡೆನೊಸಿನ್ ಎಂಬ ಇನ್ನೊಂದು ನೋವು ತಗ್ಗಿಸುವ ಪದಾರ್ಥ ಹಲವು ಪಟ್ಟು ಹೆಚ್ಚಿದುದು ಕಂಡುಬಂದಿತು.

ಎಷ್ಟು ಜನರಿಗೆ ಗುಣವಾಗುತ್ತದೆ?

ಹೊಸ ಬಿತ್ತನೆ ಬೀಜ ಬಂದಾಗ ಪಕ್ಕದ ತಾಕಿನಲ್ಲಿ ಹಳೆಯ ಬೀಜ ಹಾಕಿ ಹೋಲಿಸಿ ನೋಡುತ್ತೀರಷ್ಟೆ? ಚಿಕಿತ್ಸೆಯನ್ನೂ ಹಾಗೆಯೇ ನೋಡಬೇಕು. 2007ರಲ್ಲಿ ಜರ್ಮನಿಯಿಂದ ಅಂಥ ಒಂದು ದೊಡ್ಡ ಪರೀಕ್ಷೆಯ ಫಲ ಪ್ರಕಟವಾಯಿತು. ವರ್ಷಗಟ್ಟಲೆ ಸೊಂಟ ನೋವಿನಿಂದ ನರಳಿದ 1162 ಜನರನ್ನು ಮೂರು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಶಾಸ್ತ್ರೋಕ್ತವಾದ ಜಾಗಗಳಲ್ಲಿ ಸೂಜಿ. ಇನ್ನೊಂದಕ್ಕೆ ಬೇಕೆಂದೇ ತಪ್ಪು ಜಾಗಗಳಲ್ಲಿ, ಅದೂ ಮೇಲುಮೇಲೆ ಮಾತ್ರ ಸೂಜಿ. ಮೂರನೆಯದಕ್ಕೆ ಮಾಮೂಲಿನ ಮಾತ್ರೆ, ವ್ಯಾಯಾಮ ಮುಂತಾದವು. ಆರು ತಿಂಗಳ ನಂತರ ನೋಡಿದರೆ ಮೊದಲ ಪಂಗಡದಲ್ಲಿ ನೂರಕ್ಕೆ ಸುಮಾರು 48 ಜನ ಸುಧಾರಿಸಿದ್ದರು. ತಪ್ಪು ಜಾಗದಲ್ಲಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 44 ಜನ. ಮಾಮೂಲಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 27 ಜನ.

ಈ ಮೂರು ಅಂಕಿಗಳನ್ನು ಸಾವಧಾನವಾಗಿ ಯೋಚಿಸಿರಿ. ಸೂಜಿ ಹಾಕಿಸಿಕೊಂಡವರಿಗೆ ಅನುಕೂಲವಾದದ್ದು ನಿಜ. ಆದರೆ ಇಂಥ ಜಾಗದಲ್ಲಿಯೇ ಹಾಕಬೇಕೆಂಬ ಶಾಸ್ತ್ರಕ್ಕೆ ಅಲ್ಲಿ ಹೆಚ್ಚಿನ ಬೆಲೆ ಕಾಣಲಿಲ್ಲ. ಇದಾದ ಮೇಲೆ ಸುಮಾರು 18,000 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ 2012ರಲ್ಲಿ ನೋಡಿದಾಗ, ಬೆನ್ನು, ಕುತ್ತಿಗೆ, ಮೊಣಕಾಲು, ತಲೆನೋವುಗಳಲ್ಲಿ ಸರಿಯಾದ ಜಾಗದ ಸೂಜಿಗೆ ಸ್ವಲ್ಪ ಹೆಚ್ಚಿನ ಗುಣವಿರುವುದು ಕಂಡಿತು. ಸ್ವಲ್ಪವೇ, ಹೆಚ್ಚಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅರ್ಧ ಗಂಟೆ ಅಲುಗಾಡದೆ ಮಲಗುವುದು, ಒಬ್ಬರು ನಿಮ್ಮ ಕಷ್ಟವನ್ನು ಸಮಾಧಾನವಾಗಿ ಕೇಳುವುದು, ಗುಣವಾಗುತ್ತದೆಂಬ ನಂಬಿಕೆ, ಇವೂ ಸೂಜಿಯ ಜೊತೆಗೆ ಕೆಲಸ ಮಾಡುತ್ತವೆ. ಅದನ್ನು ಮೋಸವೆನ್ನಲಾರೆ. ಆದರೆ "ಎಲ್ಲ ರೋಗವೂ ಸೂಜಿಯಿಂದಲೇ ಹೋಗುತ್ತದೆ" ಎಂದು ಬೋರ್ಡು ಹಾಕಿಕೊಂಡವರ ಬಾಗಿಲಿಗೆ ಹೋಗಬೇಡಿ ಎನ್ನುತ್ತೇನೆ.

ಬಹುಕಾಲದ ಸೊಂಟ ನೋವು, ಕುತ್ತಿಗೆ ನೋವು, ಮೊಣಕಾಲಿನ ಸವೆತದ ನೋವು, ಪದೇ ಪದೇ ಬರುವ ಅರೆತಲೆನೋವು, ಇವಕ್ಕೆ ಪ್ರಯತ್ನಿಸಿ ನೋಡಬಹುದು. ಮೊಣಕಾಲಿನ ಸವೆದ ಕೀಲು ಇದರಿಂದ ಹೊಸದಾಗುವುದಿಲ್ಲ. ನೋವು ತಗ್ಗಿದರೆ ನಡೆದಾಡುವುದು ಹಗುರಾಗುತ್ತದೆ, ಅಷ್ಟೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ ಇವುಗಳ ಮಾತ್ರೆಗಳನ್ನು ಸೂಜಿಯನ್ನು ನಂಬಿ ಒಂದು ದಿನವೂ ನಿಲ್ಲಿಸಬಾರದು. ಹಾವು ಕಚ್ಚಿದಾಗ, ನಾಯಿ ಕಚ್ಚಿದಾಗ, ಎದೆ ನೋವು ಬಂದಾಗ, ಮುಖ ಸೊಟ್ಟಗಾಗಿ ಒಂದು ಕಡೆಯ ಕೈಕಾಲು ಬಿದ್ದುಹೋದಾಗ ಸೂಜಿಯ ಮಾತೇ ಬೇಡ. ಆಗ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಮೊದಲು ವೈದ್ಯರು ನೋಡಲೇಬೇಕಾದ ಸೊಂಟ ನೋವು

ನನಗೆ ಗೊತ್ತಿರುವ ಒಬ್ಬ ರೈತರ ಸಂಗತಿ ಹೇಳುತ್ತೇನೆ. ವಯಸ್ಸು ನಲವತ್ತರ ಮೇಲೆ. ಗೊಬ್ಬರದ ಮೂಟೆ ಎತ್ತುವಾಗ ಸೊಂಟದಲ್ಲಿ ಏನೋ ಹಿಡಿದಂತಾಗಿ ನೋವು ತೊಡೆಯಿಂದ ಮೀನಖಂಡದವರೆಗೆ ಇಳಿಯಿತು. ಎರಡು ವಾರದ ಮೇಲೆ ಬಲಗಾಲಿನ ಚಪ್ಪಲಿ ನಡೆಯುವಾಗ ತಾನಾಗಿಯೇ ಕಳಚಿಕೊಳ್ಳತೊಡಗಿತು. "ಚಪ್ಪಲಿ ಸಡಿಲವಾಗಿದೆ" ಎಂದುಕೊಂಡು ಹೊಸ ಜೊತೆ ಕೊಂಡರು. ಪೇಟೆಯಲ್ಲಿ ಆರು ವಾರ ಸೂಜಿ ಹಾಕಿಸಿಕೊಂಡರು. ಹಾಕಿದವರು ಒಂದು ದಿನವೂ "ಹೆಬ್ಬೆರಳು ಮೇಲಕ್ಕೆತ್ತಿ ನೋಡೋಣ" ಎನ್ನಲಿಲ್ಲ. ಎತ್ತಲು ಹೇಳಿದ್ದರೆ ಎತ್ತಲು ಆಗುತ್ತಿರಲಿಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಚಾಚಿ ಕಾಲಿನ ನರವನ್ನು ಅಮುಕಿತ್ತು. ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು, ನೋವೂ ಹೋಯಿತು, ಆದರೆ ಪಾದದ ಶಕ್ತಿ ಪೂರ್ತಿ ಮರಳಲಿಲ್ಲ. ಈಗಲೂ ಅವರು ಗದ್ದೆಯ ಬದುವಿನ ಮೇಲೆ ಬರುವಾಗ ಕಾಲೆಳೆಯುವ ಸಪ್ಪಳದಿಂದಲೇ ಇಂಥವರೆಂದು ತಿಳಿಯುತ್ತದೆ.

ಆದುದರಿಂದ ಸೊಂಟ ನೋವಿನ ಜೊತೆಗೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದಂತಾದರೆ, ಅಂದೇ ಆಸ್ಪತ್ರೆಗೆ ಹೊರಡಿರಿ. ಮರದಿಂದ ಬಿದ್ದ ಮೇಲೆ ಬಂದ ನೋವು, ಜ್ವರದೊಡನೆ ಬಂದ ನೋವು, ಮೈ ಇಳಿಯುತ್ತಾ ಬಂದು ರಾತ್ರಿ ಹೆಚ್ಚಾಗುವ ನೋವು, ಇವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿದ ಮೇಲೆಯೇ ಬೇರೆ ಮಾತು.

ಮೊದಲ ದಿನ ಏನಾಗುತ್ತದೆ?

ಯಾರಲ್ಲಿಗೆ ಹೋಗಬೇಕೆಂಬುದು ಮೊದಲ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿ.ಎನ್.ವೈ.ಎಸ್. ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ಪಾಠವಾಗಿದೆ. ಅಂಥ ಪದವೀಧರರು, ಅಥವಾ ಇದರಲ್ಲಿ ತರಬೇತಿ ಪಡೆದ ನೋಂದಾಯಿತ ವೈದ್ಯರು ಆಗಬಹುದು. "ಸ್ವಾಮಿ, ತಾವು ಎಲ್ಲಿ ಕಲಿತಿರಿ? ನೋಂದಣಿ ಇದೆಯೇ?" ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ಎತ್ತು ಕೊಳ್ಳುವಾಗ ಹಲ್ಲು ನೋಡದೆ ಕೊಳ್ಳುತ್ತೇವೆಯೇ?

ಬರಿಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತೀತು. ಎರಡು ಗಂಟೆ ಮೊದಲು ಲಘುವಾಗಿ ಊಟ ಮಾಡಿರಿ. ಮೊಣಕಾಲು, ಮೊಣಕೈಗಳವರೆಗೆ ಮಡಿಸಬಹುದಾದ ಸಡಿಲ ಬಟ್ಟೆ ಉಡಿರಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನು ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬಸುರಿಯರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು, ಎದೆಯಲ್ಲಿ ಪೇಸ್‌ಮೇಕರ್ ಇಡಿಸಿಕೊಂಡವರು ಅದನ್ನು ಮೊದಲೇ ಹೇಳತಕ್ಕದ್ದು.

ಮೊದಲ ದಿನ ಮಾತುಕತೆಯೇ ಹೆಚ್ಚು. ನೋವು ಎಂದಿನಿಂದ, ಯಾವಾಗ ಹೆಚ್ಚು, ನಿದ್ರೆ ಹೇಗೆ, ಹಸಿವೆ ಹೇಗೆ ಎಂದೆಲ್ಲ ಕೇಳುತ್ತಾರೆ. ನಾಡಿ ಹಿಡಿದು, ನಾಲಗೆ ಚಾಚಿಸಿ ನೋಡುತ್ತಾರೆ. "ನೋವಿರುವುದು ಸೊಂಟದಲ್ಲಿ, ನಾಲಗೆ ಏಕೆ?" ಎಂದು ನಗಬೇಡಿ. ಅದು ಅವರ ಪದ್ಧತಿ.

ಸೂಜಿಯ ಭಯ ಎಲ್ಲರಿಗೂ ಇದ್ದದ್ದೇ. ನಾವು ಬಲ್ಲದ್ದು ಇಂಜೆಕ್ಷನ್ ಸೂಜಿ. ಅದರೊಳಗೆ ಔಷಧ ಹರಿಯುವ ಪೊಳ್ಳು ಇರುತ್ತದೆ, ತುದಿ ಚರ್ಮವನ್ನು ಕೊಯ್ಯುವಂತೆ ಓರೆಯಾಗಿರುತ್ತದೆ. ಈ ಸೂಜಿ ಹಾಗಲ್ಲ. ತುಕ್ಕು ಹಿಡಿಯದ ಉಕ್ಕಿನದು, ಗಟ್ಟಿ, ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ತುಸು ದಪ್ಪನೆಯ ಕೂದಲಿನಂತೆ ಬಾಗುತ್ತದೆ. ಹಿಂದೊಮ್ಮೆ ನನ್ನ ಭುಜ ಮೇಲಕ್ಕೆ ಏಳದೆ ಇದ್ದಾಗ ನಾನೂ ಹೋಗಿ ಮಲಗಿದ್ದೆ. ಕಣ್ಣು ಮುಚ್ಚಿಕೊಂಡು, "ಶುರು ಮಾಡುವಾಗ ಹೇಳಿ ಡಾಕ್ಟರೇ" ಎಂದೆ. "ಐದು ಆಯಿತು" ಎಂದರು.

ಒಂದು ಸಲಕ್ಕೆ ಸಾಮಾನ್ಯವಾಗಿ ಐದರಿಂದ ಹದಿನೈದು ಸೂಜಿಗಳನ್ನು ಹಾಕುತ್ತಾರೆ. ಸೊಂಟದ ನೋವಿಗೆ ಮೊಣಕಾಲಿನ ಹಿಂದೆ, ಪಾದದ ಬಳಿ ಹಾಕುವುದೂ ಉಂಟು. ಚುಚ್ಚುವಾಗ ಇರುವೆ ಕಚ್ಚಿದಷ್ಟು ನೋವು. ಅನಂತರ ಸೂಜಿಯನ್ನು ಮೆಲ್ಲಗೆ ತಿರುಗಿಸಿದಾಗ ಆ ಜಾಗ ಭಾರವಾದಂತೆ, ಜುಮ್ಮೆಂದಂತೆ, ಒಳಗೇ ಎಳೆದಂತೆ ಆಗಬಹುದು. ಇದನ್ನು ಅವರು ಒಳ್ಳೆಯ ಗುರುತೆಂದು ತಿಳಿಯುತ್ತಾರೆ. ಸಿಡಿಲು ಹೊಡೆದಂತೆ ಚುರುಕಾದ ನೋವಾದರೆ ಮಾತ್ರ ಕೂಡಲೇ ಹೇಳಿಬಿಡಿ. ಸೂಜಿ ಇದ್ದಂತೆಯೇ ಇಪ್ಪತ್ತರಿಂದ ಮೂವತ್ತು ನಿಮಿಷ ಮಲಗಿರಬೇಕು. ಕೆಲವರು ಸೂಜಿಗೆ ತಂತಿ ಸಿಕ್ಕಿಸಿ ಅತಿ ಸಣ್ಣ ವಿದ್ಯುತ್ತು ಹಾಯಿಸುತ್ತಾರೆ. ಕೆಲವರು ಒಣಗಿದ ಎಲೆಯ ಬತ್ತಿಗೆ ಬೆಂಕಿ ಹೊತ್ತಿಸಿ ಚರ್ಮದ ಹತ್ತಿರ ಹಿಡಿದು ಶಾಖ ಕೊಡುತ್ತಾರೆ. ಆ ಎಲೆ ನಮ್ಮ ಗಣೇಶನ ಪೂಜೆಯ ಮಾಚಿಪತ್ರೆಯ ಬಳಗದ ಗಿಡದ್ದು. ಇದು ನಮ್ಮ ಕಡೆ ಕಾಮಾಲೆಗೆ ಬರೆ ಹಾಕುತ್ತಿದ್ದಂಥ ಕ್ರೂರ ಕೆಲಸವಲ್ಲ. ಚರ್ಮ ಬೆಚ್ಚಗಾಗಬೇಕೇ ಹೊರತು ಸುಡಬಾರದು. ಪಾದದ ಸ್ಪರ್ಶ ಕುಂದಿದವರು ಅಲ್ಲಿ ಶಾಖ ಬೇಡವೆನ್ನಿರಿ. ಸುಟ್ಟರೂ ನಿಮಗೆ ತಿಳಿಯುವುದಿಲ್ಲ.

ಇದರಲ್ಲಿ ಅಪಾಯವಿಲ್ಲವೇ?

ಕಡಿಮೆ, ಆದರೆ ಇಲ್ಲವೆಂದಲ್ಲ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ ಎಂಟೊಂಬತ್ತು ಜನ ಏನಾದರೊಂದು ತೊಂದರೆ ಹೇಳಿದ್ದರು. ಹೆಚ್ಚಿನವು ಒಂದು ತೊಟ್ಟು ರಕ್ತ, ಹೆಪ್ಪುಗಟ್ಟಿದ ನೀಲಿ ಗುರುತು, ಸ್ವಲ್ಪ ನೋವು, ಇಷ್ಟೇ. ಇಬ್ಬರಿಗೆ ಮಾತ್ರ ಸೂಜಿ ಶ್ವಾಸಕೋಶಕ್ಕೆ ತಾಗಿ ಎದೆಯಲ್ಲಿ ಗಾಳಿ ತುಂಬಿಕೊಂಡಿತ್ತು. ಭುಜದ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಹಾಕಿಸಿಕೊಂಡವರಿಗೆ ಅಂದೋ ಮರುದಿನವೋ ಉಸಿರು ಕಟ್ಟಿದಂತಾಗಿ ಎದೆ ಚುಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಕಡೆ ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಸೂಜಿಯ ಶುದ್ಧಿಯ ಬಗ್ಗೆ. ಒಬ್ಬರಿಗೆ ಹಾಕಿದ ಸೂಜಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್‌ನಂಥ ಯಕೃತ್ತಿನ ರೋಗಗಳು, ಎಚ್.ಐ.ವಿ. ಕೂಡ ಅಂಟಬಹುದು. ಸೂಜಿಗಳು ಮೊಹರಾದ ಪೊಟ್ಟಣದಲ್ಲಿ ಬರುತ್ತವೆ. ನಿಮ್ಮ ಕಣ್ಣೆದುರಿಗೇ ಪೊಟ್ಟಣ ಒಡೆಯಬೇಕು, ಕೆಲಸ ಮುಗಿದ ಮೇಲೆ ಆ ಸೂಜಿಗಳು ಗಟ್ಟಿ ಡಬ್ಬಿಗೆ ಬೀಳಬೇಕು. "ನಿಮ್ಮ ಸೂಜಿಯನ್ನು ನಿಮಗೇ ಎತ್ತಿಡುತ್ತೇವೆ" ಎಂದರೂ ಒಪ್ಪಬೇಡಿ. ಎದ್ದು ಬರುವ ಮೊದಲು ಹಾಕಿದ ಸೂಜಿಗಳನ್ನೆಲ್ಲ ತೆಗೆದರೇ ಎಂದು ಎಣಿಸಿಕೊಳ್ಳುವುದೂ ಒಳ್ಳೆಯದು.

ಎಷ್ಟು ಸಲ ಹೋಗಬೇಕು?

ಒಂದೇ ಸಲಕ್ಕೆ ಗುಣ ಕಾಣುವವರು ಕಡಿಮೆ. ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹನ್ನೆರಡು ಸಲ ಹಾಕುವುದು ಸಾಮಾನ್ಯ. ಅಮೆರಿಕದಲ್ಲಿ ವೃದ್ಧರ ಸರ್ಕಾರಿ ವಿಮೆಯು 2020ರಿಂದ ಬಹುಕಾಲದ ಸೊಂಟ ನೋವಿಗೆ 90 ದಿನಗಳಲ್ಲಿ 12 ಸಲದ ಖರ್ಚನ್ನು ಕೊಡುತ್ತದೆ. ಸುಧಾರಿಸುತ್ತಿದ್ದರೆ ಮಾತ್ರ ಇನ್ನೆಂಟು ಸಲ. ನಮಗೂ ಇದು ಒಳ್ಳೆಯ ಅಳತೆಗೋಲು. ಒಂದು ಸಲದ ಫೀಸು, ಬಸ್ಸಿನ ಖರ್ಚು, ಹೋದ ಕೂಲಿ, ಮೂರನ್ನೂ ಕೂಡಿ ಹತ್ತರಿಂದ ಗುಣಿಸಿ ನೋಡಿ. ಆ ಮೊತ್ತ ಕೈಗೆ ನಿಲುಕುವುದಾದರೆ ಶುರು ಮಾಡಿರಿ. ಇಡೀ ಹಣವನ್ನು ಮುಂಗಡವಾಗಿ ಕೇಳಿದರೆ ಕೊಡಬೇಡಿ.

ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ದಿನವೂ ಮಲಗುವ ಮೊದಲು ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಹಾಕಿ. ಅಂದು ಎಷ್ಟು ದೂರ ನಡೆದಿರಿ, ಎಷ್ಟು ಮಾತ್ರೆ ನುಂಗಿದಿರಿ ಎಂಬುದನ್ನೂ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳು ಬರೆಯುತ್ತಾರೆ. ಆರನೆಯ ಸಲ ಹೋಗುವಾಗ ಆ ಹಾಳೆಯನ್ನು ಒಯ್ದು ವೈದ್ಯರ ಮುಂದಿಡಿ. ಅಂಕಿ ಇಳಿದಿದ್ದರೆ ಮುಂದುವರಿಸಬಹುದು. ಇಳಿಯದಿದ್ದರೆ ನಮಸ್ಕಾರ ಹೇಳಿ ಬನ್ನಿ. ಸೂಜಿ ಹಾಕಿಸಿಕೊಂಡ ದಿನ ಕೆಲವರಿಗೆ ಮಂಪರು ಕವಿಯುವುದುಂಟು. ಆದುದರಿಂದ ಅಂದು ಟ್ರ್ಯಾಕ್ಟರನ್ನಾಗಲಿ ಮೋಟಾರು ಬೈಕನ್ನಾಗಲಿ ನೀವೇ ನಡೆಸಿಕೊಂಡು ಬರಬೇಡಿ, ಬಸ್ಸಿನಲ್ಲಿ ಬನ್ನಿ. ಮರುದಿನ ನೋವು ತಗ್ಗಿದೆಯೆಂದು ಮೂಟೆಗೆ ಕೈ ಹಾಕಬೇಡಿ. ಬದುವಿನ ಮೇಲೆ ನಿಧಾನವಾಗಿ ಒಂದು ಸುತ್ತು ನಡೆದು ಬನ್ನಿ.